ಚೋಮ ಎತ್ತನ್ನೇಕೆ ಮಾರಲಿಲ್ಲ?

ಪ್ರಶ್ನೆ (ಚಿತ್ರದುರ್ಗದ ಓದುಗರೊಬ್ಬರಿಂದ): ಸರ್, ನಾವು ಹತ್ತು-ಹನ್ನೆರಡು ಜನ ತಿಂಗಳಿಗೊಂದು ಭಾನುವಾರ ಸೇರಿ ಓದಿದ ಕಾದಂಬರಿ ಬಗ್ಗೆ ಮಾತಾಡುತ್ತೇವೆ. ಹೋದ ಸಲ ‘ಚೋಮನ ದುಡಿ’ ಮತ್ತು ದಾಸ್ತೋವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಜಗಳವೇ ಆಯಿತು. ನಮ್ಮಲ್ಲಿರುವ ವಕೀಲರು, ‘ಬಡತನ ಅಂತ ಹೇಳಿದರೆ ಕೋರ್ಟು ಬಿಡುತ್ತಾ? ಬಡವರೆಲ್ಲ ಕೊಡಲಿ ಎತ್ತುತ್ತಾರಾ? ಈ ಲೇಖಕರು ಸುಮ್ಮನೆ ಅಯ್ಯೋ ಪಾಪ ಅನ್ನಿಸ್ತಾರೆ’ ಅಂದರು. ಸ್ತ್ರೀಶಕ್ತಿ ಸಂಘ ನೋಡಿಕೊಳ್ಳುವ ಅಕ್ಕ ಒಬ್ಬರು, ‘ಕಂತಿನ ದಿನ ಬಾಗಿಲಿಗೆ ಬಂದು ಕೂತಾಗ ಗೊತ್ತಾಗುತ್ತೆ ನಿಮಗೆ’ ಅಂದು ಎದ್ದೇ ಹೋದರು. ಇಂಥ ಕಥೆಗಳಲ್ಲಿ ಮನುಷ್ಯ ಮಾಡಬಾರದ್ದನ್ನು ಮಾಡಿದಾಗ ಬಡತನವೇ ಕಾರಣ ಅನ್ನಬೇಕೋ, ಅವನದೇ ತಪ್ಪು ಅನ್ನಬೇಕೋ? ಹೇಗೆ ಓದುವುದು?

ಉತ್ತರ: ಮೊದಲು ಎದ್ದುಹೋದ ಆ ಅಕ್ಕನವರನ್ನು ವಾಪಸ್ ಕರೆಸಿ. ನಿಮ್ಮ ಗುಂಪಿನಲ್ಲಿ ಎರಡೂ ಪುಸ್ತಕಗಳ ಮರ್ಮ ಹಿಡಿದವರು ಅವರೇ ಅಂತ ನನಗನಿಸುತ್ತದೆ. ಅವರ ಮಾತನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ‘ಬಡತನ’ ಎಂಬ ಪದವೇ ಇಲ್ಲ. ಕಂತು ಇದೆ, ದಿನ ಇದೆ, ಬಾಗಿಲು ಇದೆ, ಬಂದು ಕೂತ ಒಬ್ಬ ಇದ್ದಾನೆ. ಒಳ್ಳೆಯ ಕಾದಂಬರಿಕಾರ ಬರೆಯುವುದೂ ಹೀಗೇ. ‘ಅವನು ಕಡುಬಡವನಾಗಿದ್ದ’ ಎಂದು ಒಂದು ಸಾಲು ಗೀಚಿ ಮುಂದೆ ಹೋದವನು ಆಮೇಲೆ ಕಳವು ಬರೆಯಲಿ ಕೊಲೆ ಬರೆಯಲಿ, ಓದುವವರಿಗೆ ನಂಬಿಕೆ ಹುಟ್ಟುವುದಿಲ್ಲ. ಆಯುಷ್ಯವೆಲ್ಲ ಬಡತನದಲ್ಲೇ ಕಳೆದು ಬೇರೆಯವರ ಒಂದು ಕಡ್ಡಿ ಮುಟ್ಟದವರು ನಮ್ಮ ಸುತ್ತ ಎಷ್ಟು ಜನ ಇಲ್ಲ? ವಕೀಲರು ಹೇಳುವುದು ಇದನ್ನೇ, ಅಷ್ಟರಮಟ್ಟಿಗೆ ಸರಿಯೇ. ಬಡತನ ದಾರಿಯನ್ನು ಕಿರಿದು ಮಾಡುತ್ತದೆ. ಆ ಕಿರಿದಾದ ದಾರಿಗೆ ಅಡ್ಡ ನಿಲ್ಲುವುದಕ್ಕೆ ಮಾತ್ರ ಒಬ್ಬ ಮನುಷ್ಯ ಬೇಕು, ಅವನ ಕೈಯಲ್ಲೊಂದು ಲೆಕ್ಕದ ಪುಸ್ತಕ ಬೇಕು, ಒಂದು ಗಡುವು ಬೇಕು.

ನನಗೆ ಮೊದಲಿಂದಲೂ ಒಂದು ಓದುವ ಚಾಳಿ ಇದೆ. ಇಂಥ ಕಾದಂಬರಿ ಕೈಗೆತ್ತಿಕೊಂಡಾಗ ಹಿಂದಿನ ಖಾಲಿ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಒಂದು ಪಟ್ಟಿ ಬರೆಯುತ್ತಾ ಹೋಗುತ್ತೇನೆ. ಮನೆಯಿಂದ ಮೊದಲು ಏನು ಹೋಯಿತು, ಆಮೇಲೆ ಏನು ಹೋಯಿತು, ಯಾರು ಬಂದು ಕೇಳಿದ್ದಕ್ಕೆ ಹೋಯಿತು, ಮತ್ತು ಏನಾದರೂ ಸರಿ ಇದೊಂದನ್ನು ಕೊಡುವುದಿಲ್ಲ ಎಂದು ಆ ಮನುಷ್ಯ ಹಟ ಹಿಡಿದದ್ದು ಯಾವುದು. ಆ ಕೊನೆಯ ವಸ್ತು ಸಿಕ್ಕರೆ ಪಾತ್ರ ಸಿಕ್ಕಿದ ಹಾಗೆ. ಅನಾಹುತ ನಡೆಯುವುದು ಹೆಚ್ಚಾಗಿ ಅದಕ್ಕೇ ಕೈ ಬಿದ್ದಾಗ.

ಬಾಗಿಲಿಗೆ ಬಂದು ಕೂತವನಿಗೆ ಕನ್ನಡದಲ್ಲಿ ಒಂದು ಹೆಸರೇ ಇದೆಯಲ್ಲ, ನಕ್ಷತ್ರಿಕ. ಬ್ಯಾಂಕಿನಿಂದ ದಿನಕ್ಕೆ ಮೂರು ಸಲ ಫೋನ್ ಬಂದರೆ ಇವತ್ತಿಗೂ ‘ಒಳ್ಳೆ ನಕ್ಷತ್ರಿಕನ ಕಾಟ ಆಯ್ತಲ್ಲ’ ಅನ್ನುತ್ತೇವೆ. 13ನೇ ಶತಮಾನದ ರಾಘವಾಂಕ ಹರಿಶ್ಚಂದ್ರನ ಕಥೆ ಹೇಳುವಾಗ ಸಾಲದ ಒಡೆಯ ವಿಶ್ವಾಮಿತ್ರನನ್ನು ದೂರ ಇಟ್ಟು ವಸೂಲಿಯವನನ್ನು ರಾಜನ ಬೆನ್ನಿಗೇ ಕಾಶಿಯವರೆಗೆ ನಡೆಸುತ್ತಾನೆ. ಈ ನಕ್ಷತ್ರಿಕನ ಕೈಯಲ್ಲಿ ಆಯುಧವಿಲ್ಲ. ಜೊತೆಯಲ್ಲಿರುವುದೇ ಅವನ ಆಯುಧ. ನಮ್ಮ ಕಡೆಯ ನಾಟಕಗಳಲ್ಲಿ ಅವನು ಕಾಲು ನೋವು ಅಂತ ಕೂರುತ್ತಾನೆ, ಹಸಿವು ಅಂತ ರಚ್ಚೆ ಹಿಡಿಯುತ್ತಾನೆ, ಜನ ನಗುತ್ತಾರೆ. ನಗುತ್ತಿರುವಾಗಲೇ ಚಂದ್ರಮತಿಯೂ ಲೋಹಿತಾಶ್ವನೂ ಮಾರಾಟವಾಗಿರುತ್ತಾರೆ. ಅಷ್ಟಾದ ಮೇಲೂ ನಕ್ಷತ್ರಿಕ ಕದಲುವುದಿಲ್ಲ. ಸಾಲ ತೀರಿತು, ಇಷ್ಟು ದಿನ ನಿನ್ನ ಹಿಂದೆ ಅಲೆದ ನನ್ನ ಕೂಲಿ ಯಾರು ಕೊಡುತ್ತಾರೆ ಅನ್ನುತ್ತಾನೆ. ಆ ಕೂಲಿಗಾಗಿ ದೊರೆ ತನ್ನನ್ನೇ ಸುಡುಗಾಡಿನ ವೀರಬಾಹುವಿಗೆ ಮಾರಿಕೊಳ್ಳಬೇಕಾಗುತ್ತದೆ. ವಸೂಲಿಗೆ ಬಂದವನ ಖರ್ಚೂ ಸಾಲಗಾರನ ತಲೆಗೇ ಎಂಬ ಲೆಕ್ಕ ಇವತ್ತು ನಿನ್ನೆಯದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಹರಿಶ್ಚಂದ್ರನ ಪಟ್ಟಿ ನೋಡಿ: ರಾಜ್ಯ, ಹೆಂಡತಿ, ಮಗ, ಕೊನೆಗೆ ತಾನು. ಮಾರದೆ ಉಳಿದದ್ದು ಕೊಟ್ಟ ಮಾತು. ಸತ್ಯಸಂಧ ಅಂತ ಕೊಂಡಾಡುವ ಭರದಲ್ಲಿ ಆ ಪಟ್ಟಿಯ ನಡುವೆ ಇರುವ ಇಬ್ಬರನ್ನು ‘ನಿಮ್ಮ ಒಪ್ಪಿಗೆ ಇದೆಯಾ’ ಅಂತ ಕೇಳಿದವರು ಕಡಿಮೆ.

ಈ ಚಾಳಿ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮಪ್ಪ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನಲ್ಲಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಮಿಲ್ಲಿಗೆ ಬೀಗ ಬಿತ್ತು. ಸೈರನ್ ನಿಂತ ಮೇಲೆ ಅವ್ವನಿಗೆ ಹೊತ್ತೇ ತಿಳಿಯುತ್ತಿರಲಿಲ್ಲ. ಮನೆಯಿಂದ ಮೊದಲು ಹೋದದ್ದು ರೇಡಿಯೋ. ಆಮೇಲೆ ಕಂಚಿನ ತಟ್ಟೆಗಳು, ಹಿತ್ತಾಳೆ ಕೊಡ, ಬಚ್ಚಲ ತಾಮ್ರದ ಹಂಡೆ. ಗಿರವಿ ಅಂಗಡಿಯವನು ಹಂಡೆಯನ್ನು ಬೋರಲು ಹಾಕಿ ತಳದಲ್ಲಿ ಮೊಳೆಯಿಂದ ನಂಬರು ಕೆತ್ತಿದ ಕರ್ ಕರ್ ಸದ್ದು ನನಗೆ ಈಗಲೂ ನೆನಪಿದೆ. ಬಿಡಿಸಿಕೊಂಡು ಬರೋ ಸಾಮಾನಿಗೆ ಗುರುತು ಯಾಕೆ ಬೀಳಬೇಕು ಅಂತ ಅವ್ವನಿಗೆ ಸಂಕಟ. ಅವಳಿಗೆ ಗೊತ್ತಿತ್ತು, ಅದು ವಾಪಸ್ ಬರುವುದಿಲ್ಲ ಅಂತ.

ಬಡ್ಡಿಯವನು ತಿಂಗಳಿಗೊಮ್ಮೆ ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಬೈಯುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಕೂತು, ‘ತಂಗೀ, ಒಂದ್ ಲೋಟ ನೀರ್ ಕೊಡವ್ವ’ ಅನ್ನುತ್ತಿದ್ದ. ನೀರು ಕುಡಿದು ಓಣಿಯಲ್ಲಿ ಹೋಗಿ ಬರುವವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಅಷ್ಟೇ. ಯಾಕೆ ಬಂದಿದ್ದಾನೆ ಅಂತ ಓಣಿಗೆಲ್ಲ ತಿಳಿಯಲು ಅಷ್ಟು ಸಾಕಿತ್ತು. ‘ಅಪ್ಪ ಹರಿಹರಕ್ಕೆ ಹೋಗ್ಯಾರ’ ಅಂತ ಸುಳ್ಳು ಹೇಳುವ ಕೆಲಸ ನನ್ನದು. ಅಪ್ಪ ಬಚ್ಚಲಲ್ಲಿ, ಹಂಡೆ ಹೋಗಿ ಖಾಲಿಬಿದ್ದಿದ್ದ ಒಲೆಯ ಕಟ್ಟೆ ಮೇಲೆ ಕೂತಿರುತ್ತಿದ್ದರು. ಅವರ ಹತ್ತಿರ ಒಂದು ಹಾರ್ಮೋನಿಯಂ ಇತ್ತು, ಪೆಟ್ಟಿಗೆ ಅಂತಲೇ ಕರೆಯುತ್ತಿದ್ದೆವು. ಮಿಲ್ಲಿನ ಗೆಳೆಯರು ಆಡುತ್ತಿದ್ದ ನಾಟಕಗಳಿಗೆ ನುಡಿಸುತ್ತಿದ್ದರು, ಹರಿಶ್ಚಂದ್ರ ನಾಟಕಕ್ಕೂ. ಅದನ್ನು ಮಾರಿದ್ದರೆ ಎರಡು ತಿಂಗಳ ಬಡ್ಡಿ ತೀರುತ್ತಿತ್ತೇನೋ. ಅಪ್ಪ ಮಾರಲಿಲ್ಲ. ಅವ್ವನ ತಾಳಿಯ ಗುಂಡು ಹೋದವು, ಪೆಟ್ಟಿಗೆ ಉಳಿಯಿತು. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಅಂತ ಸೋದರತ್ತೆ ಮುಖದ ಮೇಲೇ ಅಂದಳು. ಆ ಮಾತು ಆಗ ನನಗೆ ಸರಿ ಅನಿಸಿತ್ತು.

ಈಗ ಅಪರಾಧ ಮತ್ತು ಶಿಕ್ಷೆಗೆ ಬರೋಣ. 1866ರ ಕಾದಂಬರಿ. ಕೊಲೆಯ ಅಧ್ಯಾಯ ಎಲ್ಲರಿಗೂ ನೆನಪಿರುತ್ತದೆ, ಅದಕ್ಕೆ ಮೊದಲಿನ ಗಿರವಿಯ ಅಧ್ಯಾಯ ಮರೆತುಹೋಗುತ್ತದೆ. ಕಥಾನಾಯಕ ರಾಸ್ಕೋಲ್ನಿಕೋವ್ ಅಪ್ಪನ ಹಳೆಯ ಬೆಳ್ಳಿ ಗಡಿಯಾರ ಹಿಡಿದು, ಗಿರವಿ ಇಟ್ಟುಕೊಳ್ಳುವ ಮುದುಕಿ ಅಲ್ಯೋನಾ ಇವಾನೊವ್ನಾಳ ಮನೆ ಮೆಟ್ಟಿಲು ಹತ್ತುತ್ತಾನೆ. 4 ರೂಬಲ್ ಕೇಳುತ್ತಾನೆ. ಮುದುಕಿ ಒಂದೂವರೆ ಅನ್ನುತ್ತಾಳೆ. ಬಡ್ಡಿ ರೂಬಲ್ಲಿಗೆ ತಿಂಗಳಿಗೆ 10 ಕೊಪೆಕ್, ಅಂದರೆ ನಮ್ಮ ಮಾತಿನಲ್ಲಿ ನೂರಕ್ಕೆ ಹತ್ತು. ಅದೂ ಮೊದಲೇ ಮುರಿದುಕೊಂಡು. ಒಂದೂವರೆ ರೂಬಲ್ಲಿಗೆ 15 ಕೊಪೆಕ್ ಮುರಿದಳು, ಹಿಂದೆ ಕೊಟ್ಟಿದ್ದ 2 ರೂಬಲ್ಲಿನ ಬಡ್ಡಿ 20 ಕೊಪೆಕ್ ಮುರಿದಳು. ಹುಡುಗನ ಕೈಗೆ ಬಂದದ್ದು 1 ರೂಬಲ್ 15 ಕೊಪೆಕ್. ಮೀಟರ್ ಬಡ್ಡಿ ಕಂಡವರಿಗೆ ಈ ಪುಟಕ್ಕೆ ಟಿಪ್ಪಣಿ ಬೇಕಾಗಿಲ್ಲ. ದಾಸ್ತೋವ್‌ಸ್ಕಿ ಅಷ್ಟು ಬಿಡಿಬಿಡಿಯಾಗಿ ಲೆಕ್ಕ ಬರೆದಿರುವುದು ಸುಮ್ಮನೆ ಅಲ್ಲ. ಕೊಡಲಿ ಆ ಕೋಟಿನ ಒಳಗೆ ಬರುವ ಮೊದಲು ಈ ಲೆಕ್ಕ ನಮ್ಮ ತಲೆಯೊಳಗೆ ಕೂರಬೇಕು.

ಆದರೆ ಇಲ್ಲಿಗೇ ನಿಂತರೆ ವಕೀಲರ ಆಕ್ಷೇಪ ಹಾಗೇ ಉಳಿಯುತ್ತದೆ. ಆ ಮುದುಕಿಯನ್ನು ಕೊಂದ ಮೇಲೆ ಅವನು ಏನು ಮಾಡಿದ? ದೋಚಿದ್ದನ್ನು ಎಣಿಸಿಯೂ ನೋಡದೆ ಒಂದು ಕಲ್ಲಿನ ಕೆಳಗೆ ಹೂತಿಟ್ಟ. ಮುಂದೆ ಸೋನ್ಯಾಳ ಮುಂದೆ ಬಾಯಿಬಿಟ್ಟಾಗ, ಅಮ್ಮನಿಗೆ ಸಹಾಯ ಮಾಡಲು ಕೊಂದೆ ಅನ್ನುವುದು ಸುಳ್ಳು ಅಂತ ತಾನೇ ಒಪ್ಪುತ್ತಾನೆ. ಕೆಲವರು ಎಲ್ಲ ಮೀರಿ ನಡೆಯಬಹುದು, ಮಿಕ್ಕವರು ಹೇನಿನಂಥವರು ಎಂಬ ತನ್ನದೇ ಸಿದ್ಧಾಂತವನ್ನು ಪರೀಕ್ಷೆ ಮಾಡಲು ಹೊರಟವನು ಅವನು. ಬಡತನ ಅವನಿಗೆ ಕೋಣೆ ಕೊಟ್ಟಿತು, ಹರಕು ಟೋಪಿ ಕೊಟ್ಟಿತು, ಒಬ್ಬ ಶತ್ರುವನ್ನೂ ತೋರಿಸಿತು. ಕೊಡಲಿ ಎತ್ತುವ ಸಿದ್ಧಾಂತ ಮಾತ್ರ ಸ್ವಂತದ್ದು.

ಅದೇ ಊರಿನಲ್ಲಿ, ಅವನಷ್ಟೇ, ಅವನಿಗಿಂತ ಹೆಚ್ಚೇ ಬಡವಳಾದ ಸೋನ್ಯಾ ಇದ್ದಾಳೆ. ಕುಡುಕ ಅಪ್ಪ, ಕ್ಷಯ ಹಿಡಿದ ಮಲತಾಯಿ, ಹಸಿದ ಮೂರು ಪುಟ್ಟ ಮಕ್ಕಳು. ಮಲತಾಯಿಯ ಚುಚ್ಚುಮಾತು ತಡೆಯಲಾರದೆ ಒಂದು ಸಂಜೆ ಹೊರಗೆ ಹೋಗಿ ಬಂದು 30 ರೂಬಲ್ ಮೇಜಿನ ಮೇಲೆ ಇಟ್ಟಳು. ಒಂದು ಮಾತಾಡಲಿಲ್ಲ. ಹಸಿರು ಶಾಲನ್ನು ತಲೆ ಮುಖ ಮುಚ್ಚುವಂತೆ ಹೊದ್ದು ಗೋಡೆ ಕಡೆ ತಿರುಗಿ ಮಲಗಿದಳು. ಭುಜ ಮಾತ್ರ ಅದುರುತ್ತಿತ್ತು. ಚುಚ್ಚಿದ ಆ ಮಲತಾಯಿಯೇ ಬಂದು ಹುಡುಗಿಯ ಕಾಲ ಬಳಿ ಇಡೀ ಸಂಜೆ ಮಂಡಿಯೂರಿ ಕೂತಳು. ಇದನ್ನು ಹೇಳುವವನು ಸೋನ್ಯಾಳ ಅಪ್ಪ, ಹೆಂಡದಂಗಡಿಯಲ್ಲಿ ಕೂತು. ಅವನು ಅವತ್ತೂ ಕುಡಿದು ಬಿದ್ದಿದ್ದನಂತೆ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಈ ಭಾಗ ಬಂದಾಗ ತರಗತಿಯಲ್ಲಿ ಹೆಣ್ಣುಮಕ್ಕಳು ತಲೆ ಎತ್ತುತ್ತಿರಲಿಲ್ಲ, ಗಂಡುಮಕ್ಕಳು ಕಿಟಕಿ ನೋಡುತ್ತಿದ್ದರು. ಬಡವರೆಲ್ಲ ಕೊಡಲಿ ಎತ್ತುತ್ತಾರಾ ಎಂಬ ವಕೀಲರ ಪ್ರಶ್ನೆಗೆ ದಾಸ್ತೋವ್‌ಸ್ಕಿ ಆಗಲೇ ಉತ್ತರ ಕೊಟ್ಟಿದ್ದಾನೆ: ಇಲ್ಲ, ಒಬ್ಬ ಇನ್ನೊಬ್ಬರ ಮೇಲೆ ಎತ್ತುತ್ತಾನೆ, ಇನ್ನೊಬ್ಬಳು ತನ್ನ ಮೇಲೇ ಎತ್ತಿಕೊಳ್ಳುತ್ತಾಳೆ. ಇವರಿಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ ‘ಬಡತನದ ಪಾಪ’ ಅಂದರೆ ಸೋನ್ಯಾಗೆ ಅನ್ಯಾಯ.

ಕಾನೂನಿನ ಮಾತು ಬಂತಲ್ಲ, ವಕೀಲರಿಗೆ ಗೊತ್ತಿರುವ ವಿಷಯವನ್ನೇ ಸ್ವಲ್ಪ ತಿರುಗಿಸಿ ಇಡುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 32ನೇ ಕಲಂ, ಹಳೆಯ ದಂಡ ಸಂಹಿತೆಯಲ್ಲಿ 94, ಬಲವಂತಕ್ಕೆ ಸಿಕ್ಕಿ ಮಾಡಿದ ಕೃತ್ಯಕ್ಕೆ ವಿನಾಯಿತಿ ಕೊಡುತ್ತದೆ. ಷರತ್ತು ಬಿಗಿ. ಮಾಡದಿದ್ದರೆ ಆ ಕ್ಷಣವೇ ಪ್ರಾಣ ಹೋಗುತ್ತದೆ ಎಂಬ ಭಯ ಇರಬೇಕು. ಕೊಲೆಗೆ ಆ ವಿನಾಯಿತಿಯೂ ಇಲ್ಲ. ಅಲ್ಲಿ ವಿವರಣೆಗೆ ಕೊಟ್ಟಿರುವ ಪುಟ್ಟ ಕಥೆ ನನಗೆ ಬಹಳ ಇಷ್ಟ: ಡಕಾಯಿತರು ಒಬ್ಬ ಕಮ್ಮಾರನನ್ನು ಹಿಡಿದು, ಕೊಲ್ಲುತ್ತೇವೆ ಅಂತ ಹೆದರಿಸಿ, ಅವನ ಸಲಕರಣೆಯಿಂದಲೇ ಒಂದು ಮನೆಯ ಬಾಗಿಲು ಮುರಿಸುತ್ತಾರೆ. ಆ ಕಮ್ಮಾರ ತಪ್ಪಿತಸ್ಥನಲ್ಲ. ಸರಿ. ಆದರೆ ಅದೇ ಕಮ್ಮಾರನಿಗೆ ಕುಲುಮೆಯೇ ಗಿರವಿಗೆ ಹೋಗಿ, ಸುತ್ತಿಗೆಯೊಂದೇ ಉಳಿದು, ಮನೆಯಲ್ಲಿ ಮಗು ಮೂರು ದಿನದಿಂದ ಉಂಡಿಲ್ಲ ಅನ್ನಿ. ಅವನು ತಾನೇ ಬಾಗಿಲು ಮುರಿದರೆ? ಕಲಂ ಸುಮ್ಮನಾಗುತ್ತದೆ. ತಕ್ಷಣದ ಸಾವು ಅದಕ್ಕೆ ಕಾಣುತ್ತದೆ, ಕಂತಿನಲ್ಲಿ ಬರುವ ಸಾವು ಕಾಣುವುದಿಲ್ಲ. ಕಾನೂನು ಹಾಗೆಯೇ ಇರಬೇಕೇನೋ, ಅದು ಬೇರೆ ಚರ್ಚೆ. ಕಾದಂಬರಿ ಹುಟ್ಟುವುದು ಅದು ಸುಮ್ಮನಾದ ಜಾಗದಲ್ಲಿ. ಆ ದಂಡ ಸಂಹಿತೆ ಜಾರಿಗೆ ಬಂದದ್ದು 1862ರ ಜನವರಿಯಲ್ಲಿ. ಅದೇ ವರ್ಷ ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೋ ಒಂದು ಬ್ರೆಡ್ ಕದ್ದವನ ಕಥೆ ‘ಲೆ ಮಿಸರಾಬ್ಲ್’ ಪ್ರಕಟಿಸಿದ. ಅಕ್ಕನ ಏಳು ಮಕ್ಕಳ ಹೊಟ್ಟೆಗೆ ಅಂತ ಜಾನ್ ವಾಲ್‌ಜಾನ್ ಗಾಜು ಒಡೆದು ಬ್ರೆಡ್ ತೆಗೆದ. ಅದಕ್ಕೆ 5 ವರ್ಷ, ತಪ್ಪಿಸಿಕೊಂಡು ಓಡಲು ನೋಡಿದ್ದಕ್ಕೆ 14 ವರ್ಷ, ಒಟ್ಟು 19.

ಅದೇ ಕಾದಂಬರಿಯ ಫ್ಯಾಂಟೀನಳ ಪಟ್ಟಿ ನನ್ನ ಪ್ರತಿಯ ಹಿಂದಿನ ಹಾಳೆಯಲ್ಲಿ ಇನ್ನೂ ಇದೆ. ಕೂದಲು, 10 ಫ್ರಾಂಕ್. ಅದರಲ್ಲಿ ಮಗಳಿಗೆ ಉಣ್ಣೆಯ ಲಂಗ ಕೊಂಡು ಕಳಿಸಿದಳು. ಮಗುವನ್ನು ಇಟ್ಟುಕೊಂಡ ಥೆನಾರ್ಡಿಯೆ ದಂಪತಿಗೆ ಬೇಕಿದ್ದದ್ದು ದುಡ್ಡು, ಲಂಗವನ್ನು ತಮ್ಮ ಮಗಳಿಗೆ ತೊಡಿಸಿದರು. ಮಗುವಿಗೆ ಕೆಟ್ಟ ಜ್ವರ, 40 ಫ್ರಾಂಕ್ ಕಳಿಸು ಅಂತ ಕಾಗದ ಬಂತು. ಮುಂದಿನ ಎರಡು ಹಲ್ಲು ಹೋದವು. ಮಗುವಿಗೆ ಜ್ವರವೇ ಇರಲಿಲ್ಲ. ಆಮೇಲೆ 100 ಫ್ರಾಂಕ್ ಕೇಳಿದರು. ಉಳಿದದ್ದನ್ನೂ ಮಾರಿಬಿಡೋಣ ಅಂದುಕೊಂಡಳು. ಇಲ್ಲಿ ಬಡತನ ಎಷ್ಟು, ಸುಳ್ಳು ಕಾಗದ ಎಷ್ಟು, ನೀವೇ ತೂಗಿ. ಪ್ರೇಮ್‌ಚಂದರ ‘ಗೋದಾನ’ದ ಬಡ ರೈತ ಹೋರಿಯ ಪಟ್ಟಿ ಇದರಷ್ಟೇ ಉದ್ದ. ಮನೆಗೆ ಬಂದ ಸೊಸೆಗೆ ಆಸರೆ ಕೊಟ್ಟದ್ದಕ್ಕೆ ಪಂಚಾಯ್ತಿಯವರು ದಂಡ ಹಾಕುತ್ತಾರೆ, ದವಸವೆಲ್ಲ ಹೊತ್ತುಕೊಂಡು ಹೋಗುತ್ತಾರೆ. ಕೊನೆಗೆ ಹೊಲ ಉಳಿಸಿಕೊಳ್ಳಲು 200 ರೂಪಾಯಿಗೆ ಕಿರಿಮಗಳನ್ನು ತನ್ನದೇ ವಯಸ್ಸಿನ ಹತ್ತಿರದವನಿಗೆ ಕೊಟ್ಟು ತಲೆ ಎತ್ತಲಾರದೆ ಕೂರುತ್ತಾನೆ. ಕೊಲೆ ಇಲ್ಲ, ಕಳವು ಇಲ್ಲ, ಕೋರ್ಟಿನ ಕಣ್ಣಿಗೆ ಏನೂ ನಡೆದೇ ಇಲ್ಲ.

ಚೋಮನನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅವನು ಈ ಯಾರ ಸಾಲಿಗೂ ಸುಲಭವಾಗಿ ಸೇರುವುದಿಲ್ಲ. ಶಿವರಾಮ ಕಾರಂತರು 1933ರಲ್ಲಿ ಬರೆದದ್ದು. ಚೋಮ ಸಂಕಪ್ಪಯ್ಯನ ಮನೆಯ ಜೀತದಾಳು, ಅಸ್ಪೃಶ್ಯ. ಕಾಡಿನಲ್ಲಿ ಸಿಕ್ಕ ಕರುಗಳನ್ನು ಸಾಕಿ ಎತ್ತು ಮಾಡಿದ್ದಾನೆ, ಉಳಲು ಹೊಲವಿಲ್ಲ. ಅವನ ಜಾತಿಯವನು ಸ್ವಂತ ಬೇಸಾಯ ಮಾಡಕೂಡದು ಅಂತ ಊರಿನ ಕಟ್ಟು. ಘಟ್ಟದ ಮೇಲಿನ ಎಸ್ಟೇಟಿನ ಸಾಲ ತಲೆಯ ಮೇಲಿದೆ, ಅಲ್ಲಿನ ರೈಟರ್, ಅಂದರೆ ಗುಮಾಸ್ತ, ಮನ್ವೇಲ ಗುಡಿಸಲ ಬಾಗಿಲಿಗೆ ಬರುತ್ತಾನೆ. ನೋಡಿ, ನಮ್ಮ ನಕ್ಷತ್ರಿಕ ಮತ್ತೆ ಬಂದ. ಈಗ ಪೆನ್ಸಿಲ್ ತೆಗೆದುಕೊಳ್ಳಿ. ಮೊದಲು ಹೋದವರು ದೊಡ್ಡ ಗಂಡುಮಕ್ಕಳಿಬ್ಬರು, ಚನಿಯ ಮತ್ತು ಗುರುವ, ಸಾಲ ತೀರಿಸಲು ಎಸ್ಟೇಟಿಗೆ. ಗುರುವ ಅಲ್ಲೇ ಒಬ್ಬ ಕ್ರೈಸ್ತ ಹುಡುಗಿಯ ಜೊತೆ ನಿಂತ. ಚನಿಯ ಜ್ವರ ಹೊತ್ತು ಬಂದು ಸತ್ತ. ಆಮೇಲೆ ಮಗಳು ಬೆಳ್ಳಿ ಹೋದಳು. ಅಲ್ಲಿ ಸಾಲದ ಲೆಕ್ಕ ಅವಳ ಮೈಯಿಂದಲೇ ಚುಕ್ತಾ ಆಯಿತು ಅಂತ ನಿಮಗೆ ಗೊತ್ತು.

ಎತ್ತು? ಎತ್ತು ಕೊಟ್ಟಿಗೆಯಲ್ಲೇ ಇವೆ.

ಇದನ್ನು ಓದಿದ ಬುದ್ಧಿವಂತ ಓದುಗ ಒಂದಲ್ಲ ಒಂದು ಸಲ ಕೇಳುತ್ತಾನೆ, ಉಳಲು ಹೊಲವೇ ಇಲ್ಲದವನಿಗೆ ಎತ್ತು ಯಾಕೆ? ಮಾರಿ ಸಾಲ ತೀರಿಸಿದ್ದರೆ ಮಕ್ಕಳು ಉಳಿಯುತ್ತಿದ್ದರಲ್ಲ? ಲೆಕ್ಕ ಸರಿಯಾಗಿದೆ. ನಮ್ಮ ಸೋದರತ್ತೆಯ ಲೆಕ್ಕವೂ ಸರಿಯಾಗಿಯೇ ಇತ್ತು. ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಬಡವನಿಗೆ ಹೇಳುವುದು ಇಷ್ಟೇ: ಬದುಕಲು ಬೇಕಾದ್ದು ಬಿಟ್ಟು ಮಿಕ್ಕ ಏನನ್ನೂ ಇಟ್ಟುಕೊಳ್ಳುವ ಹಕ್ಕು ನಿನಗಿಲ್ಲ. ಕಾರಂತರ ಕಾದಂಬರಿ ಆ ಗಾದೆಗೆ ತಿರುಗಿ ಬಿದ್ದ ಕಾದಂಬರಿ. ಎತ್ತು ಇರುವಷ್ಟು ದಿನ ಚೋಮ ಒಬ್ಬ ಬೇಸಾಯಗಾರ, ಹೊಲ ಸಿಗುವುದು ತಡವಾಗಿದೆ ಅಷ್ಟೇ. ಎತ್ತು ಮಾರಿದ ದಿನ ಅವನು ಜೀತದಾಳು, ಮೊದಲಿಂದಲೂ ಜೀತದಾಳು, ಮುಂದೆಯೂ. ಅವನಿಗೆ ಅದು ಗೊತ್ತು. ಹಾಗಂತ ಕಾರಂತರು ಅವನನ್ನು ಪೂರ್ತಿ ಬಿಟ್ಟುಕೊಡುತ್ತಾರಾ? ಇಲ್ಲ. ಆ ಕನಸಿನ ಬೆಲೆ ತೆತ್ತವರು ಮಕ್ಕಳು, ಅದರಲ್ಲೂ ಬೆಳ್ಳಿ. ಚೋಮ ರಾತ್ರಿ ದುಡಿ ಬಡಿಯುವಾಗ ನಮಗೆ ಕನಿಕರ ಬರುತ್ತದೆ, ಕೋಪವೂ ಬರುತ್ತದೆ. ಎರಡೂ ಬರಬೇಕು. ನನಗೆ ಅಪ್ಪನ ಪೆಟ್ಟಿಗೆಯ ಮೇಲೆ ಇದ್ದದ್ದೂ ಈ ಎರಡೇ. ಗುಂಡು ಕಳೆದುಕೊಂಡ ಅವ್ವ, ಅಪ್ಪ ತೀರಿಕೊಂಡ ಮೇಲೆ ಆ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಒರೆಸಿಡುತ್ತಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ.

ಇನ್ನೂ ಒಂದು ತಿರುವು ಇದೆ, ಅದನ್ನು ನಿಮ್ಮ ಗುಂಪು ಗಮನಿಸಿದೆಯೋ ಇಲ್ಲವೋ. ಕಿರಿಯ ಮಗ ನೀಲ ನೀರಿನಲ್ಲಿ ಮುಳುಗುವಾಗ ಸುತ್ತ ನಿಂತವರಲ್ಲಿ ಮುಟ್ಟಿ ಎತ್ತುವವರು ಸಿಗಲಿಲ್ಲ. ಅಲ್ಲಿ ಕೊರತೆಯಾದದ್ದು ದುಡ್ಡಲ್ಲ. ಬಡತನ ಬಡತನ ಅಂತ ಇಡೀ ಕಾದಂಬರಿಯನ್ನು ಓದುವವರು ಈ ಪುಟದಲ್ಲಿ ಏನು ಹೇಳುತ್ತಾರೆ? ಅದಾದ ಮೇಲೆ ಚೋಮ ಮತಾಂತರವಾಗಲು ಹೊರಡುತ್ತಾನೆ, ಹಾಗಾದರೆ ಉಳಲು ಭೂಮಿ ಸಿಗುತ್ತದೆ. ಬದುಕಿಡೀ ಬೇಡಿದ್ದು ಕೈಗೆ ಬರುವ ಹೊತ್ತು. ದಾರಿಯಲ್ಲಿ ತನ್ನ ದೈವ ಪಂಜುರ್ಲಿಯ ನೆನಪಿಗೆ ಕಾಲು ತಡೆದು ಹಿಂದಿರುಗುತ್ತಾನೆ. ಎತ್ತಿಗಿಂತ ಕೆಳಗೆ, ಪಟ್ಟಿಯ ತಳದಲ್ಲಿ, ಅವನಿಗೇ ಗೊತ್ತಿರದ ಇನ್ನೊಂದು ಮಾರಲಾಗದ ವಸ್ತು ಇತ್ತು. ಗುಡಿಸಲಿಗೆ ಬಂದರೆ ಒಳಗೆ ಬೆಳ್ಳಿಯ ಜೊತೆ ಮನ್ವೇಲ. ಅಲ್ಲಿಂದ ಮುಂದಿನದೆಲ್ಲ ಬಹಳ ಬೇಗ ನಡೆಯುತ್ತದೆ. ನೇಗಿಲು ಮುರಿಯುತ್ತಾನೆ, ಎತ್ತುಗಳನ್ನು ಓಡಿಸುತ್ತಾನೆ, ಬಾಗಿಲು ಹಾಕಿಕೊಂಡು ಸಾಯುವವರೆಗೆ ದುಡಿ ಬಡಿಯುತ್ತಾನೆ. ಎತ್ತನ್ನು ಆಗಲೂ ಮಾರಲಿಲ್ಲ, ಬಿಟ್ಟುಕೊಟ್ಟ. ಜೀತ ಪದ್ಧತಿ ರದ್ದುಪಡಿಸುವ ಸುಗ್ರೀವಾಜ್ಞೆ ಈ ದೇಶದಲ್ಲಿ ಹೊರಬಿದ್ದದ್ದು 1975ರ ಅಕ್ಟೋಬರಿನಲ್ಲಿ, ಕಾದಂಬರಿ ಬಂದು 42 ವರ್ಷಕ್ಕೆ. ಬಿ.ವಿ. ಕಾರಂತರ ಸಿನಿಮಾ ಬಂದದ್ದೂ ಅದೇ 1975ರಲ್ಲಿ.

ದುರ್ಗದವರು ನೀವು, ನಿಮ್ಮ ತರಾಸು ಅವರನ್ನು ಬಿಟ್ಟರೆ ಬೇಜಾರಾಗುತ್ತೀರಿ. ಬಡತನ ಇಲ್ಲದೆ ಬಲವಂತ ಒಂದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ‘ಹಂಸಗೀತೆ’ ನೋಡಿ. ಇತಿಹಾಸದ ದಾಖಲೆ ಅಂತಲ್ಲ, ಕಾದಂಬರಿಯಾಗಿ ನೋಡಿ. ಭೈರವಿ ವೆಂಕಟಸುಬ್ಬಯ್ಯನಿಗೆ ಟಿಪ್ಪುವಿನ ಮುಂದೆ ಹಾಡಬೇಕು ಎಂಬ ಒತ್ತಾಯ ಬರುತ್ತದೆ. ಹಾಡಿದ್ದರೆ ಹಣ, ಮರ್ಯಾದೆ ಎರಡೂ ಸಿಗುತ್ತಿತ್ತೇನೋ. ಅವನು ನಾಲಗೆಯನ್ನೇ ಕತ್ತರಿಸಿಕೊಂಡ. ಚೋಮನ ಎತ್ತು, ಇವನ ನಾಲಗೆ, ನನ್ನ ಪಟ್ಟಿಯಲ್ಲಿ ಅಕ್ಕಪಕ್ಕ ಇವೆ. ನಮ್ಮ ಕಥೆಗಳಲ್ಲಿ ಕತ್ತಿ ಬಹಳ ಸಲ ತನ್ನ ಕಡೆಗೇ ತಿರುಗುತ್ತದೆ ಎಂಬುದು ನನಗೆ ಕಾಡುವ ವಿಷಯ. ಇನ್ನು ‘ನಾಗರಹಾವು’ ಸಿನಿಮಾದ ಬಲವಂತ ಇದಕ್ಕಿಂತ ಮೆತ್ತಗಿನದು, ಅದಕ್ಕೇ ಹೆಚ್ಚು ಅಪಾಯದ್ದು. ಚಾಮಯ್ಯ ಮೇಷ್ಟ್ರು ರಾಮಾಚಾರಿಯನ್ನು ಹೊಡೆಯಲಿಲ್ಲ, ಹೆದರಿಸಲಿಲ್ಲ. ತಮ್ಮ ಮೇಲಿನ ಪ್ರೀತಿಯನ್ನೇ ಹಗ್ಗ ಮಾಡಿ ಕಟ್ಟಿ, ಅಲಮೇಲುವನ್ನು ಬಿಟ್ಟುಕೊಡುವಂತೆ ಮಾಡಿದರು. ಆ ಹುಡುಗಿ ಎಲ್ಲಿಗೆ ಹೋಗಿ ಬಿದ್ದಳು ಅಂತ ದುರ್ಗದ ಮಕ್ಕಳಿಗೂ ಗೊತ್ತು. ದಾಕ್ಷಿಣ್ಯಕ್ಕೆ ಯಾವ ಕಲಂ ಹಾಕುತ್ತೀರಿ ಅಂತ ವಕೀಲರನ್ನು ನಾನು ಕೇಳಿದೆ ಅಂತ ಹೇಳಿ.

ಕಾನೂನಿಗೆ ಬಾಗಿಲಲ್ಲಿ ಕೂತವನು ಕಾಣುವುದೇ ಇಲ್ಲ ಅಂದರೆ ಅದೂ ಪೂರ್ತಿ ನಿಜವಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಕಿರುಸಾಲ ವಸೂಲಿಯ ಬಲವಂತದ ಕ್ರಮ ತಡೆಯಲು ಸುಗ್ರೀವಾಜ್ಞೆ ಬಂತು. ಹೆದರಿಸಿ, ಹಿಂಬಾಲಿಸಿ, ಗೂಂಡಾಗಳನ್ನು ಕಳಿಸಿ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನಕ್ಷತ್ರಿಕನಿಗೂ ಒಂದು ಕಲಂ ಆಯಿತು ಅನ್ನಿ, ಕಾವ್ಯ ಬಂದು 700 ವರ್ಷ ದಾಟಿದ ಮೇಲೆ. ಬರೀ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿಯುವವನನ್ನು ಅದರಡಿ ಹಿಡಿಯುವುದು ಹೇಗೆ ಅಂತ ನನಗೆ ಈಗಲೂ ಕುತೂಹಲ.

ಬಡತನವೋ ಮನುಷ್ಯನ ತಪ್ಪೋ ಅಂತ ಆರಿಸಲು ಹೇಳಿದಿರಿ. ನಾನು ಆರಿಸುವುದಿಲ್ಲ, ಪುಸ್ತಕಗಳೂ ಆರಿಸಿಲ್ಲ. ಮುಂದಿನ ಭಾನುವಾರ ಹೊಸ ಪುಸ್ತಕ ಬೇಡ, ಚೋಮನ ದುಡಿಯನ್ನೇ ಮತ್ತೆ ತೆಗೆಯಿರಿ. ಚಿಕ್ಕ ಪುಸ್ತಕ, ಒಂದು ಮಧ್ಯಾಹ್ನ ಸಾಕು. ‘ಎತ್ತು’ ಅಂತ ಬಂದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಹೋಗಿ, ಮನ್ವೇಲ ಬಾಗಿಲಿಗೆ ಬಂದಲ್ಲೆಲ್ಲ ಇನ್ನೊಂದು ಗುರುತು. ಗಟ್ಟಿಯಾಗಿ ಓದುವ ಕೆಲಸ ವಕೀಲರಿಗೆ ಕೊಡಿ. ಬೆಳ್ಳಿಯ ಪುಟಗಳು ಬಂದಾಗ ಪುಸ್ತಕ ಅಕ್ಕನವರ ಕೈಗೆ ಹೋಗಲಿ. ಮಂಡಕ್ಕಿ-ಮೆಣಸಿನಕಾಯಿ ಖರ್ಚು ಯಾರದ್ದು ಅಂತ ನೀವೇ ತೀರ್ಮಾನ ಮಾಡಿಕೊಳ್ಳಿ.